‘ಕೇನ ಸುತ್ತೇನ?’: ಪಾಲಿ ಧಾತು ತರಗತಿಯಲ್ಲಿ 14 ತಿಂಗಳು

ಮೊದಲೇ ಹೇಳಿಬಿಡುತ್ತೇನೆ. ಮೂರು ತಿಂಗಳಲ್ಲಿ ಬೌದ್ಧರ ಪಾಲಿ ಗ್ರಂಥಗಳಾದ ತಿಪಿಟಕ ಓದಬೇಕು ಅನ್ನುವವರಿಗೆ ಈ ತರಗತಿ ಹೇಳಿದ್ದಲ್ಲ. ಇಲ್ಲಿ ವಾರಕ್ಕೆ ಐದೇ ಪದ. ಒಂದೊಂದನ್ನೂ ಬಿಚ್ಚಿ, ಧಾತು (ಕ್ರಿಯೆಯ ಮೂಲರೂಪ) ಯಾವುದು, ಅದು ಯಾವ ಗಣದ್ದು (ಧಾತುಗಳ ಯಾವ ಗುಂಪಿನದು), ಯಾವ ಪ್ರತ್ಯಯ ಹತ್ತಿತು, ಯಾವ ಅಕ್ಷರ ಹೋಗಿ ಯಾವುದು ಬಂತು ಎಂದು ಪಾಲಿಯ ಹಳೆಯ ವ್ಯಾಕರಣವಾದ ಕಚ್ಚಾಯನದ ಸೂತ್ರ ಹೇಳಿ ಹೇಳಿ ಮತ್ತೆ ಕಟ್ಟಬೇಕು. ನಡುವೆ ಒಂದು ಮೆಟ್ಟಿಲು ಹಾರಿದರೆ ಭಂತೇಜಿ, ಅಂದರೆ ಪಾಠ ಹೇಳುವ ಭಿಕ್ಷು, ತಲೆ ಎತ್ತಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಕೇನ ಸುತ್ತೇನ?’ ಯಾವ ಸೂತ್ರದಿಂದ? ಸೂತ್ರ ಬಾಯಿಗೆ ಬರುವವರೆಗೂ ಅವರು ಸುಮ್ಮನೆ ಕಾಯುತ್ತಾರೆ. ಆ ಮೌನದಲ್ಲಿ ನಾನು ಕಲಿತಷ್ಟು ಬೇರೆ ಯಾವ ಪಾಠದಲ್ಲೂ ಕಲಿತಿಲ್ಲ.

ನಾನು ಕಲಬುರಗಿಯಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ನಮ್ಮಜ್ಜ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ ಅಂಬೇಡ್ಕರರ ಬೌದ್ಧ ದೀಕ್ಷೆಗೆ ಹೋಗಿ ಬಂದವರು. ಹಾಗಾಗಿ ನಮ್ಮ ಮನೆಯಲ್ಲಿ ಬೆಳಗಾದರೆ ‘ನಮೋ ತಸ್ಸ ಭಗವತೋ’. ಅಪ್ಪ ಹೇಳಿಕೊಡುತ್ತಿದ್ದರು, ನಾವು ಹಿಂದೆ ಹಿಂದೆ ಹೇಳುತ್ತಿದ್ದೆವು. ತ್ರಿಸರಣ, ಪಂಚಶೀಲ ಎಲ್ಲ ಬಾಯಿಪಾಠ. ಒಟ್ಟು ಅರ್ಥ ಗೊತ್ತಿತ್ತು, ಆದರೆ ಯಾವ ಪದ ಏನು ಹೇಳುತ್ತದೆ ಅನ್ನುವುದು ಗೊತ್ತಿರಲಿಲ್ಲ. ಪಂಚಶೀಲದ ‘ಸಮಾದಿಯಾಮಿ’ ಅನ್ನುವುದರಲ್ಲಿ ‘ನಾನು’ ಎಲ್ಲಿದೆ ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬುದ್ಧ ವಿಹಾರದ ಅಂಗಳದಲ್ಲಿ ನಿಂತು ಕೇಳಿದಳು. ದಿನವೂ ಕ್ರಿಯಾಪದ, ವಿಭಕ್ತಿ ಕಲಿಸುವ ನನಗೆ ಉತ್ತರ ಬರಲಿಲ್ಲ. ಬಾಬಾಸಾಹೇಬರು ತಾವೇ ಕೂತು ಪಾಲಿ ವ್ಯಾಕರಣ, ಪಾಲಿ ನಿಘಂಟು ಬರೆದಿದ್ದರು. ಅವರ ಬರಹ ಮತ್ತು ಭಾಷಣಗಳ 16ನೇ ಸಂಪುಟ ಅದೇ. ಅಂಥವರ ಹಾದಿಯಲ್ಲಿ ಬಂದವರು ನಾವು, ಇನ್ನು ತಡ ಮಾಡಬಾರದು ಅನಿಸಿತು. ಪರಿಚಯದವರೊಬ್ಬರು ಈ ತರಗತಿಯ ಕೊಂಡಿ ಕಳಿಸಿದರು.

ನಡೆಸುವವರು ಶ್ರೀಲಂಕಾದ ಒಂದು ವಿಹಾರದ ಭಿಕ್ಷುಗಳು. ಭಾನುವಾರ ಬೆಳಿಗ್ಗೆ ಆರರಿಂದ ಏಳೂವರೆ, ಜೂಮ್‌ನಲ್ಲಿ. ಮಾತು ಇಂಗ್ಲಿಷ್, ನಡುನಡುವೆ ಸಿಂಹಳ, ಸೂತ್ರಗಳೆಲ್ಲ ಪಾಲಿ. ಶುಲ್ಕ ಇಲ್ಲ, ಕೈಲಾದಷ್ಟು ದಾನ. ಎಷ್ಟು ಕೊಟ್ಟಿರಿ ಎಂದು ಯಾರೂ ಕೇಳುವುದಿಲ್ಲ, ಕೊಡದಿದ್ದವರನ್ನು ಬೇರೆ ಕಣ್ಣಿಂದ ನೋಡುವುದೂ ಇಲ್ಲ. ತರಗತಿಯ ಮೊದಲ ಹದಿನೈದು ನಿಮಿಷ ಕಂಠಪಾಠ ಒಪ್ಪಿಸುವುದು. ಶಾಲೆಯಲ್ಲಿ ಮಕ್ಕಳಿಂದ ಪದ್ಯ ಒಪ್ಪಿಸಿಕೊಳ್ಳುವವಳು ನಾನು. 46ನೇ ವಯಸ್ಸಿನಲ್ಲಿ ನಾನೇ ಎದ್ದು ಕೂತು ಒಪ್ಪಿಸುವಾಗ ಎದೆ ಡವಡವ ಅನ್ನುತ್ತಿತ್ತು.

ಮೊದಲ ತಿಂಗಳು ಎಂಟು ಗಣ. ಪಾಣಿನಿಯಲ್ಲಿ ಹತ್ತು ಗಣಗಳಿವೆ, ಕಚ್ಚಾಯನದಲ್ಲಿ ಎಂಟು: ಭೂ, ರುಧ, ದಿವ, ಸು, ಕೀ, ಗಹ, ತನ, ಚುರ. ಪ್ರತಿ ಗಣಕ್ಕೂ ಧಾತು ಮತ್ತು ವಿಭಕ್ತಿಯ ನಡುವೆ ಬರುವ ಪ್ರತ್ಯಯ ಬೇರೆ. ರುಧಾದಿಯಲ್ಲಿ ಧಾತುವಿನ ಹೊಟ್ಟೆಯೊಳಗೇ ಒಂದು ಅನುನಾಸಿಕ ಬಂದು ಕೂರುತ್ತದೆ. ಛಿದ್ ಇದ್ದದ್ದು ಛಿನ್ದತಿ, ಭುಜ್ ಇದ್ದದ್ದು ಭುಞ್ಜತಿ. ಕಿಯಾದಿಯಲ್ಲಿ ‘ನಾ’, ಅದರಿಂದ ಕಿಣಾತಿ, ಅಂದರೆ ಕೊಳ್ಳುತ್ತಾನೆ. ಗಹಾದಿಯಲ್ಲಿ ‘ಪ್ಪ’ ಮತ್ತು ‘ಣ್ಹಾ’. ಒಂದೇ ಧಾತುವಿನಿಂದ ಘೇಪ್ಪತಿ ಅಂತಲೂ ಆಗುತ್ತದೆ, ಗಣ್ಹಾತಿ ಅಂತಲೂ ಆಗುತ್ತದೆ. ಇಷ್ಟನ್ನು ಪುಸ್ತಕದಲ್ಲಿ ಕೋಷ್ಟಕ ನೋಡಿ ಕಲಿಯಬಹುದಲ್ಲ ಅಂತ ಮೊದಲು ನನಗೂ ಅನಿಸಿತ್ತು. ಕೋಷ್ಟಕ ಕಣ್ಣಿಗೆ ಕಾಣುತ್ತದೆ, ಸೂತ್ರವಾದರೆ ರೊಟ್ಟಿ ಬಡಿಯುವಾಗಲೂ ಬಾಯಲ್ಲಿ ಓಡಾಡುತ್ತದೆ. ‘ಭೂವಾದಿತೋ ಅ, ರುಧಾದಿತೋ ನಿಗ್ಗಹೀತಪುಬ್ಬಞ್ಚ, ದಿವಾದಿತೋ ಯೋ…’ ಇದು ಈಗ ನಮ್ಮ ಮನೆಯಲ್ಲಿ ಅವ್ವನಿಗೂ ಬರುತ್ತದೆ.

ದಿವಾದಿ ಗಣ ನನಗೆ ಬಹಳ ಹಿಡಿಸಿದ್ದಕ್ಕೆ ಕಾರಣ ಕನ್ನಡ. ಬುಧ್ ಧಾತುವಿಗೆ ‘ಯ’ ಸೇರಿದರೆ ಬುಜ್ಝತಿ ಆಗುತ್ತದೆ. ಧ್ ಮತ್ತು ಯ್ ಕೂಡಿ ಝ ಯಾಕಾಗಬೇಕು ಎಂದು ಜೊತೆಯವರು ತಲೆ ಕೆಡಿಸಿಕೊಂಡಿದ್ದಾಗ ನನಗೆ ನೆನಪಾದದ್ದು ನಮ್ಮ ತದ್ಭವದ ಪಾಠ. ಸಂಧ್ಯಾ ಸಂಜೆಯಾಯಿತು, ವಂಧ್ಯಾ ಬಂಜೆಯಾಯಿತು, ಉಪಾಧ್ಯಾಯ ಓಜನಾದ. ವಿದ್ಯೆ ಬಿಜ್ಜೆಯಾದದ್ದೂ ಇದೇ ಬಗೆ, ಪಾಲಿಯಲ್ಲಿ ಅದು ವಿಜ್ಜಾ. ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುವ ಪಟ್ಟಿ ಇದು. ಮಕ್ಕಳು ಉರು ಹೊಡೆಯುತ್ತಾರೆ, ನಾನೂ ಹಾಗೆಯೇ ಉರು ಹೊಡೆಸಿದ್ದೆ. ಸಂಜೆ ಅನ್ನುವ ಮಾತು ಪ್ರಾಕೃತದ ಬಾಗಿಲು ದಾಟಿ ನಮ್ಮ ಮನೆಗೆ ಬಂದದ್ದು ಎಂದು ಕಿವಿಯಿಂದ ಕೇಳಿ ತಿಳಿದದ್ದು ಈ ತರಗತಿಯಲ್ಲಿ.

ಇನ್ನೊಂದು ಸೂತ್ರ ‘ಕಗಾ ಚಜಾನಂ’. ಕೆಲವು ಪ್ರತ್ಯಯಗಳು ಹತ್ತಿದಾಗ ಧಾತುವಿನ ಕೊನೆಯ ಚ, ಜ ಅಕ್ಷರಗಳು ಕ, ಗ ಆಗುತ್ತವೆ. ಪಚ್‌ನಿಂದ ಪಾಕ, ಸುಚ್‌ನಿಂದ ಸೋಕ, ಯುಜ್‌ನಿಂದ ಯೋಗ, ಭುಜ್‌ನಿಂದ ಭೋಗ, ರುಜ್‌ನಿಂದ ರೋಗ. ಈ ಐದೂ ಆ ವಾರದ ಮನೆಪಾಠ. ಬರೆಯುತ್ತಾ ಕೂತಾಗ ಹೊಳೆಯಿತು, ಪಚನ ಮತ್ತು ಪಾಕ, ಯೋಜನೆ ಮತ್ತು ಯೋಗ, ಭೋಜನ ಮತ್ತು ಭೋಗ ಎರಡೂ ಕನ್ನಡದಲ್ಲೇ ಇವೆ. ‘ರೋಗರುಜಿನ’ ಎಂದು ಒಂದೇ ಉಸಿರಿಗೆ ಹೇಳುತ್ತೇವಲ್ಲ, ಒಂದೇ ಧಾತುವಿನ ಎರಡು ಕೂಸುಗಳು ಕೈಹಿಡಿದು ನಿಂತ ಮಾತು ಅದು. ಮರುದಿನ ಶಾಲೆಗೆ ಹೋಗಿ ಪಠ್ಯ ಬದಿಗಿಟ್ಟು ಇದನ್ನೇ ಕಲಿಸಿದೆ. ಹುಡುಗನೊಬ್ಬ ಎದ್ದು ‘ತ್ಯಜಿಸು, ತ್ಯಾಗ’ ಅಂದ. ಆ ಗಂಟೆ ಬಾರಿಸಿದ್ದೇ ಯಾರಿಗೂ ಗೊತ್ತಾಗಲಿಲ್ಲ.

ಕನ್ನಡ ಓದಿದವರಿಗೆ ಈ ವ್ಯಾಕರಣದ ಮನೆ ಅಪರಿಚಿತವಲ್ಲ ಎಂದು ಗಟ್ಟಿಯಾಗಿ ಹೇಳುತ್ತೇನೆ. ಕಚ್ಚಾಯನದ ಪ್ರಕರಣಗಳು ಸಂಧಿ, ನಾಮ, ಕಾರಕ, ಸಮಾಸ, ತದ್ಧಿತ, ಆಖ್ಯಾತ, ಆಮೇಲೆ ಕೃತ್ ಮತ್ತು ಉಣಾದಿ. ನಮ್ಮ ಕೇಶಿರಾಜನ ಶಬ್ದಮಣಿದರ್ಪಣವೂ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು ಎಂದೇ ಸಾಗುತ್ತದೆ. ಎಂ.ಎ.ಯಲ್ಲಿ ಅದನ್ನು ಓದಿದವಳಿಗೆ ಕಚ್ಚಾಯನ ತೆರೆದಾಗ ಯಾವ ಕೋಣೆ ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ.

ಅಕ್ಷರಗಳ ಲೆಕ್ಕದಲ್ಲಂತೂ ನಮಗೆ ಇನ್ನೊಂದು ಅನುಕೂಲ. ಕಚ್ಚಾಯನ 41 ಅಕ್ಷರ ಹೇಳುತ್ತಾನೆ: 8 ಸ್ವರ, 33 ವ್ಯಂಜನ. 12ನೇ ಶತಮಾನದಲ್ಲಿ ಶ್ರೀಲಂಕಾದ ಇನ್ನೊಬ್ಬ ವೈಯಾಕರಣ ಮೊಗ್ಗಲ್ಲಾನ 43 ಎನ್ನುತ್ತಾನೆ. ಹೆಚ್ಚಾದ ಎರಡು ಯಾವುವು? ಹ್ರಸ್ವ ಎ, ಹ್ರಸ್ವ ಒ. ಒತ್ತಕ್ಷರದ ಮುಂದೆ ಪಾಲಿಯ ಏ, ಓ ಮೊಟಕಾಗುವುದನ್ನು ಅವನು ಗುರುತಿಸಿದ್ದ. ದೇವನಾಗರಿಯಲ್ಲಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು. ಅಂಗನವಾಡಿಯಲ್ಲೇ ‘ಎ ಏ, ಒ ಓ’ ಹೇಳಿದ ನಮಗೆ ಕಿವಿಯಲ್ಲೇ ಇತ್ತು. ಹಾಗೆಯೇ ಪಾಲಿಯ ‘ಳ’ಕಾರವೂ.

ಈಗ ದೂರು. ಸಣ್ಣದಲ್ಲ.

ಪದದ ಹುಟ್ಟು ಬೇರೆ, ಪದವನ್ನು ಬಿಡಿಸಿ ಪರಂಪರೆ ಕೊಡುವ ಅರ್ಥ, ಅಂದರೆ ನಿರುಕ್ತಿ, ಬೇರೆ. ಇದನ್ನು ಮೊದಲ ದಿನವೇ ಹೇಳಬೇಕಿತ್ತು, ಏಳು ತಿಂಗಳು ಹೇಳಲಿಲ್ಲ. ‘ಭಿಕ್ಖತೀತಿ ಭಿಕ್ಖು’, ಬೇಡುತ್ತಾನೆ ಆದ್ದರಿಂದ ಭಿಕ್ಖು. ಇದು ಧಾತುವಿನಿಂದ ನೇರ ಬಂದದ್ದು. ‘ಸಂಸಾರೇ ಭಯಂ ಇಕ್ಖತೀತಿ ಭಿಕ್ಖು’, ಸಂಸಾರದಲ್ಲಿ ಭಯವನ್ನು ಕಾಣುತ್ತಾನೆ ಆದ್ದರಿಂದ ಭಿಕ್ಖು. ಇದು ಬುದ್ಧಘೋಸರ ವಿಸುದ್ಧಿಮಗ್ಗ ಗ್ರಂಥದ ನಿರುಕ್ತಿ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯದಲ್ಲಿ ಮತ್ತೊಂದಿದೆ, ತುಂಡು ಬಟ್ಟೆಗಳನ್ನು ಹೊಲಿದು ಉಡುವವನು, ‘ಭಿನ್ನಪಟಧರೋ’. ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಮೂರೂ ‘ವ್ಯುತ್ಪತ್ತಿ’ ಎಂದು ಕಲಿಸಿದರೆ ಕಲಿಯುವವರ ಗತಿ ಏನು? ಅರಹಂತ ಪದಕ್ಕೂ ಹೀಗೇ ಆಯಿತು. ಅರಹತಿ, ಅಂದರೆ ಅರ್ಹನಾಗಿದ್ದಾನೆ ಅನ್ನುವುದು ಒಂದು. ‘ಅರೀನಂ ಹತತ್ತಾ’, ಕ್ಲೇಶಗಳೆಂಬ ಅರಿಗಳನ್ನು ಕೊಂದವನು ಅನ್ನುವುದು ಇನ್ನೊಂದು. ನಮ್ಮ ಜೈನರ ‘ಅರಿಹಂತ’ದಲ್ಲೂ ಈ ಅರ್ಥ ಕೇಳಿದವಳು ನಾನು. ಯಾವುದು ಭಾಷೆಯ ಚರಿತ್ರೆ, ಯಾವುದು ಗುಣದ ವರ್ಣನೆ ಎಂದು ಸಹಾಯಕ ಶಿಕ್ಷಕರನ್ನು ಕೇಳಿದೆ. ಪರಂಪರೆಯಲ್ಲಿ ಇದ್ದದ್ದೆಲ್ಲ ಸರಿ, ಬರೆದುಕೊಳ್ಳಿ ಎಂದರು. ಬೆಂದಕಾಳೂರಿನ ಕಥೆ ಹೇಳುವ ಮಕ್ಕಳಿಗೆ 890ರ ಸುಮಾರಿನ ಬೇಗೂರು ಶಾಸನದಲ್ಲೇ ಬೆಂಗಳೂರಿನ ಹೆಸರಿದೆ ಎಂದು ತೋರಿಸಿಕೊಡುವವಳು ನಾನು. ಆ ಉತ್ತರದಿಂದ ನನಗೆ ನೋವಾಯಿತು. ಎರಡು ವಾರ ತರಗತಿಗೆ ಹೋಗಲಿಲ್ಲ.

ಮರಳಿ ಹೋದಾಗ ಭಂತೇಜಿ ತಾವಾಗಿ ಈ ವಿಷಯ ಎತ್ತಿದರು. ಅಂದು ಅವರು ತೆಗೆದದ್ದು ದೀಘನಿಕಾಯದ ಅಗ್ಗಞ್ಞ ಸುತ್ತ. ‘ಧಮ್ಮೇನ ಪರೇ ರಞ್ಜೇತೀತಿ ರಾಜಾ’, ಧಮ್ಮದಿಂದ ಜನರನ್ನು ಸಂತೋಷಪಡಿಸುವವನು ರಾಜ. ‘ಖೇತ್ತಾನಂ ಅಧಿಪತೀತಿ ಖತ್ತಿಯೋ’, ಹೊಲಗಳ ಒಡೆಯ ಖತ್ತಿಯ. ಆಮೇಲೆ ಧಮ್ಮಪದದ ‘ಬಾಹಿತಪಾಪೋತಿ ಬ್ರಾಹ್ಮಣೋ’, ಪಾಪವನ್ನು ಹೊರಗೆ ಹಾಕಿದವನು ಬ್ರಾಹ್ಮಣ. ‘ಇವು ಪದ ಎಲ್ಲಿಂದ ಬಂತು ಎಂದು ಹೇಳುತ್ತಿಲ್ಲ, ಉಪಾಸಿಕಾ. ಆ ಪದ ಹೊತ್ತವನು ಏನು ಮಾಡಬೇಕು ಎಂದು ಹೇಳುತ್ತಿವೆ’ ಎಂದರು.

ಆ ಮಾತು ನನ್ನೊಳಗೆ ಇಳಿಯಿತು. ಹುಟ್ಟಿನಿಂದ ದೊಡ್ಡವನು ಎಂದು ಹೇಳಿಕೊಳ್ಳುತ್ತಿದ್ದ ಹೆಸರನ್ನೇ ಕೈಗೆತ್ತಿಕೊಂಡು, ನಡತೆಯನ್ನು ಅದರ ಧಾತು ಮಾಡಿಬಿಟ್ಟರಲ್ಲ ಬುದ್ಧರು! ನಮ್ಮಜ್ಜ ನಾಗಪುರಕ್ಕೆ ರೈಲು ಹತ್ತಿದ್ದು ಇಂಥ ಮಾತಿಗಾಗಿಯೇ. ಆದರೂ ನನ್ನ ದೂರು ದೂರೇ. ಈ ವಿವರಣೆ ಎಂಟನೇ ತಿಂಗಳಿಗೆ ಬಂತು, ಅಷ್ಟರಲ್ಲಿ ನಮ್ಮ ತಂಡದಲ್ಲಿ ಭಾಷಾಶಾಸ್ತ್ರ ಓದಿದ್ದ ಇಬ್ಬರು ಬಿಟ್ಟು ಹೋಗಿದ್ದರು.

ಉಳಿದ ಕೊರತೆಗಳು: ಟಿಪ್ಪಣಿಗಳು ರೋಮನ್ ಮತ್ತು ಸಿಂಹಳ ಲಿಪಿಯಲ್ಲಿ ಮಾತ್ರ. ಬರೆದು ಕಳಿಸಿದ ಮನೆಪಾಠ ತಿದ್ದಿ ಬರುವುದಕ್ಕೆ ಮೂರು ವಾರ ಹಿಡಿದದ್ದೂ ಉಂಟು. ಧ್ವನಿಮುದ್ರಣ ಏಳು ದಿನಕ್ಕೆ ಅಳಿಸಿಹೋಗುತ್ತದೆ, ಪರೀಕ್ಷಾ ಮೌಲ್ಯಮಾಪನಕ್ಕೆ ಹೋಗಿ ಬರುವ ನನ್ನಂಥವರಿಗೆ ಇದು ಕಷ್ಟ. ಕಾರಕ ಪ್ರಕರಣವನ್ನು ಎರಡೇ ವಾರದಲ್ಲಿ ಮುಗಿಸಿದರು, ಧಾತುವಿಗೆ ಅದು ಬೇಡ ಅನ್ನುವ ಲೆಕ್ಕವಿರಬೇಕು. ನನಗೆ ಒಪ್ಪಿಗೆಯಿಲ್ಲ. ಕ್ರಿಯೆ ಇದ್ದಮೇಲೆ ಮಾಡುವವನು ಯಾರು, ಮಾಡಿಸಿಕೊಂಡದ್ದು ಯಾವುದು ಅನ್ನುವುದೂ ಇರಲೇಬೇಕಲ್ಲ.

ಲಿಪಿಯ ತೊಂದರೆಗೆ ದಾರಿ ಇದೆ. ಇಗತಪುರಿಯ ವಿಪಶ್ಯನಾ ವಿಶೋಧನ ವಿನ್ಯಾಸದವರ ತಿಪಿಟಕ ಜಾಲತಾಣದಲ್ಲಿ ಕನ್ನಡ ಲಿಪಿ ಆರಿಸಿಕೊಳ್ಳಬಹುದು. ಮೂಲ ಮತ್ತು ಅಟ್ಠಕಥೆಗಳಷ್ಟೇ (ಹಳೆಯ ವ್ಯಾಖ್ಯಾನಗಳು) ಅಲ್ಲ, ಕಚ್ಚಾಯನ, ಮೊಗ್ಗಲ್ಲಾನ, ಪದರೂಪಸಿದ್ಧಿ, ಸದ್ದನೀತಿ ಎಂಬ ವ್ಯಾಕರಣಗಳೆಲ್ಲವೂ ಅಲ್ಲಿವೆ, ಹಣ ಕೊಡಬೇಕಿಲ್ಲ. ಪದರೂಪಸಿದ್ಧಿ ಬರೆದ ಬುದ್ಧಪ್ಪಿಯರು ಚೋಳನಾಡಿನವರು. ತರಗತಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪದ ಕಟ್ಟುವ ಕ್ರಮ ಹೆಚ್ಚಾಗಿ ಅವರದೇ. ಸದ್ದನೀತಿ 1154ರದು, ಬರ್ಮಾದ ಪಗಾನಿನ ಅಗ್ಗವಂಸರದು. ಅದರ ಧಾತುಮಾಲಾ ಭಾಗ ಧಾತುಗಳ ಸಮುದ್ರ. ಒಂದು ಧಾತು ಹಿಡಿದು ಹೊರಟರೆ ಪದಗಳು, ನಿರುಕ್ತಿಗಳು, ತಿಪಿಟಕದ ಉದಾಹರಣೆಗಳು ಎಂದು ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತಾರೆ. ಇನ್ನು ‘ಡಿಜಿಟಲ್ ಪಾಲಿ ಡಿಕ್ಷನರಿ’ ಎಂಬ ಉಚಿತ ನಿಘಂಟು. ಪದ ಒತ್ತಿದರೆ ಧಾತು, ಗಣ, ಕಟ್ಟಿದ ಬಗೆ, ಅದೇ ಧಾತುವಿನ ಇತರ ಪದಗಳು ಎಲ್ಲ ಬರುತ್ತವೆ. ನಾನು ದಿನವೂ ಬಳಸುತ್ತೇನೆ. ಆದರೆ ಮೊದಲು ಹಾಳೆಯ ಮೇಲೆ ತಾವೇ ಬಿಡಿಸಿ, ಆಮೇಲೆ ನೋಡಿ. ಮೊದಲೇ ನೋಡಿದ ವಾರ ನನಗೆ ಸೂತ್ರ ಒಂದೂ ನಿಲ್ಲಲಿಲ್ಲ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ನಾಲ್ಕನೇ ತಿಂಗಳಲ್ಲಿ ಸಿಕ್ಕಿತು. ‘ಸಮಾದಿಯಾಮಿ’ಯ ಕೊನೆಯ ‘ಮಿ’ಯೇ ‘ನಾನು’. ಒಳಗೆ ಇರುವುದು ದಾ ಧಾತು, ಕೊಡು ಎಂದು ಅರ್ಥ. ಮುಂದೆ ‘ಆ’ ಬಂದರೆ ಅರ್ಥ ತಿರುಗಿ ತೆಗೆದುಕೊ ಎಂದಾಗುತ್ತದೆ. ಕನ್ನಡದಲ್ಲೂ ದಾನ ಕೊಡುವುದು, ಆದಾಯ ಬರುವುದು. ‘ಸಂ’ ಸೇರಿ, ಚೆನ್ನಾಗಿ, ಪೂರ್ತಿಯಾಗಿ ತೆಗೆದುಕೊಳ್ಳುತ್ತೇನೆ. ಶೀಲವನ್ನು ಯಾರೋ ಹೇರುತ್ತಿಲ್ಲ, ನಾನೇ ಕೈಚಾಚಿ ತೆಗೆದುಕೊಳ್ಳುತ್ತಿದ್ದೇನೆ. ಅವಳಿಗೆ ಹೇಳಿದೆ. ‘ಅಂದ್ರ ಇದು ಆರ್ಡರ್ ಅಲ್ಲ ಏನ್ರೀ ಮಿಸ್?’ ಅಂದಳು.

ಒಂದು ವಾರ ‘ಸುಸ್ಸೂಸತಿ’ ಬಂತು. ‘ಭುಜಘಸಹರಸುಪಾದೀಹಿ ತುಮಿಚ್ಛತ್ಥೇಸು’ ಸೂತ್ರದಲ್ಲಿ ಬರುವುದು, ಬಯಕೆಯ ಅರ್ಥ. ಬುಭುಕ್ಖತಿ ಅಂದರೆ ಉಣ್ಣಬಯಸುತ್ತಾನೆ, ಪಿವಾಸತಿ ಅಂದರೆ ಕುಡಿಯಬಯಸುತ್ತಾನೆ. ಸು ಅಂದರೆ ಕೇಳು, ಆದ್ದರಿಂದ ಸುಸ್ಸೂಸತಿ ಅಂದರೆ ಕೇಳಬಯಸುತ್ತಾನೆ. ನಮ್ಮ ಶುಶ್ರೂಷೆ ಅದೇ ಪದ. ಅಪ್ಪ ಕೊನೆಯ ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಾಗ ರಜೆ ಅರ್ಜಿಯಲ್ಲಿ ‘ತಂದೆಯವರ ಶುಶ್ರೂಷೆಗಾಗಿ’ ಎಂದು ನಾನೇ ಬರೆದಿದ್ದೆ. ಔಷಧಿ ಕೊಟ್ಟೆ, ಮೈ ಒರೆಸಿದೆ. ಕೇಳಬಯಸುವುದು ಎಂದು ಅದರ ಅರ್ಥ ಗೊತ್ತಿದ್ದಿದ್ದರೆ ಇನ್ನಷ್ಟು ಹೊತ್ತು ಬದಿಗೆ ಕೂತು ಅವರ ಮಾತು ಕೇಳುತ್ತಿದ್ದೆ.

ಅಪ್ಪ ಹೇಳಿಕೊಟ್ಟ ತ್ರಿಸರಣದ ಮೊದಲ ಸಾಲು ‘ಬುದ್ಧಂ ಸರಣಂ ಗಚ್ಛಾಮಿ’. ಅದರ ‘ಗಚ್ಛಾಮಿ’ಯನ್ನು ಕಟ್ಟಿದ್ದು ಹೀಗೆ. ಗಮು ಧಾತು, ಕೊನೆಯ ಉಕಾರ ಲೋಪ: ‘ಧಾತುಸ್ಸನ್ತೋ ಲೋಪೋನೇಕಸರಸ್ಸ’. ವರ್ತಮಾನ, ಉತ್ತಮ ಪುರುಷ, ಏಕವಚನ ‘ಮಿ’. ನಡುವೆ ‘ಭೂವಾದಿತೋ ಅ’. ಮಕಾರಕ್ಕೆ ಚ್ಛ: ‘ಗಮಿಸ್ಸನ್ತೋ ಚ್ಛೋ ವಾ ಸಬ್ಬಾಸು’. ಮಿ ಎದುರಿಗಿದ್ದಾಗ ಅಕಾರ ದೀರ್ಘ: ‘ಅಕಾರೋ ದೀಘಂ ಹಿಮಿಮೇಸು’. ಗಚ್ಛಾಮಿ. ಅಂದು ಭಂತೇಜಿ ಒಂದೇ ಒಂದು ಸಲವೂ ‘ಕೇನ ಸುತ್ತೇನ’ ಎನ್ನಲಿಲ್ಲ. ಬದಲಿಗೆ, ಅರ್ಥವೇನು ಎಂದು ಕೇಳಿದರು. ಹೋಗುತ್ತೇನೆ ಎಂದೆ. ಅವರು ಅಟ್ಠಕಥೆ ತೆಗೆದು ಓದಿದರು: ಯಾವ ಧಾತುಗಳಿಗೆ ಹೋಗು ಎಂಬ ಅರ್ಥವೋ ಅವಕ್ಕೆ ತಿಳಿ ಎಂಬ ಅರ್ಥವೂ ಉಂಟು, ಆದ್ದರಿಂದ ಇಲ್ಲಿ ಗಚ್ಛಾಮಿ ಎಂದರೆ ‘ಜಾನಾಮಿ, ಬುಜ್ಝಾಮಿ’. ಬುದ್ಧನನ್ನು ಶರಣೆಂದು ತಿಳಿಯುತ್ತೇನೆ, ಅರಿಯುತ್ತೇನೆ.

ಪರದೆಯ ಮೇಲೆ ಉಳಿದವರು ತಲೆದೂಗುತ್ತಿದ್ದರು. ನಾನು ಮೈಕ್ ತೆರೆದು, ಭಂತೇ, ನಮ್ಮ ಕನ್ನಡದಲ್ಲಿ ಗಮನ ಎಂದರೆ ಹೋಗುವುದೂ ಹೌದು, ಮನಸ್ಸಿಟ್ಟು ನೋಡುವುದೂ ಹೌದು, ‘ಗಮನಿಸು’ ಎಂದು ತರಗತಿಯಲ್ಲಿ ದಿನಕ್ಕೆ ನೂರು ಸಲ ಹೇಳುತ್ತೇನೆ ಎಂದೆ. ಅವರು ಪುಸ್ತಕ ಕೆಳಗಿಟ್ಟು ‘ಇನ್ನೊಮ್ಮೆ ಹೇಳಿ’ ಎಂದರು. ಹೇಳಿದೆ. ಸಿಂಹಳ ಲಿಪಿಯಲ್ಲಿ ತಮ್ಮ ಪುಸ್ತಕದ ಅಂಚಿಗೆ ‘ಗಮನಿಸು’ ಎಂದು ಬರೆದುಕೊಂಡರು.

5ಕ್ಕೆ 4 ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಅಂಕ ನಿರುಕ್ತಿಯ ಲೆಕ್ಕದಲ್ಲಿ. ಹೊಸ ತಂಡ ಬುದ್ಧಪೂರ್ಣಿಮೆ ಕಳೆದು ಎರಡನೇ ಭಾನುವಾರ ಶುರು. ಪಾಲಿ ಬರಬೇಕಿಲ್ಲ, ವಿಭಕ್ತಿ ಪ್ರತ್ಯಯ ಎಂದರೇನು ಎಂದು ಗೊತ್ತಿದ್ದರೆ ಸಾಕು, ಇಂಗ್ಲಿಷ್ ಕೇಳಿ ತಿಳಿಯುವಷ್ಟಿರಲಿ. 200 ಪುಟದ ನೋಟ್‌ಬುಕ್ ಎರಡು ತಂದಿಟ್ಟುಕೊಳ್ಳಿ, ಒಂದು ಸೂತ್ರಕ್ಕೆ, ಒಂದು ಪದಕ್ಕೆ. ನಾನು ಆಖ್ಯಾತ (ಕ್ರಿಯಾಪದ) ಪ್ರಕರಣಕ್ಕೆ ಮತ್ತೆ ಹೆಸರು ಕೊಟ್ಟಿದ್ದೇನೆ. ಈ ಸಲ ಆ ಒಂಬತ್ತನೇ ತರಗತಿಯ ಹುಡುಗಿಯೂ ನನ್ನ ಪಕ್ಕದಲ್ಲಿ ಕೂರುತ್ತಾಳೆ, ಅವಳೀಗ ಹತ್ತನೆಯದಕ್ಕೆ ಬಂದಿದ್ದಾಳೆ.